ಮುಳುಗಿದ ತವರೂರು ಹಳೆಯ ನಕ್ಷೆಯಲ್ಲಿ ಎಲ್ಲಿದೆ?

ಪ್ರಶ್ನೆ: ನಮ್ಮ ಅಜ್ಜಿಯ ತವರೂರು ತುಂಗಭದ್ರಾ ಡ್ಯಾಂ ಕಟ್ಟಿದಾಗ ಮುಳುಗಡೆಯಾಯಿತು. ಊರು ಬಿಟ್ಟಾಗ ಅಜ್ಜಿಗೆ ಹನ್ನೆರಡು ವರ್ಷ, ಈಗ ಎಂಬತ್ತಾರು. ನನ್ನ ಬಳಿ ಮೂರು ನಕ್ಷೆಗಳ ಪ್ರತಿಗಳಿವೆ. ಮೊದಲನೆಯದರಲ್ಲಿ ಊರು ಹೊಳೆಯ ದಂಡೆಯ ಮೇಲಿದೆ. ಎರಡನೆಯದು 1950ರ ದಶಕದಲ್ಲಿ ಮುದ್ರಣವಾದದ್ದು, ಆದರೂ ಅದರಲ್ಲಿ ಜಲಾಶಯವೇ ಇಲ್ಲ. ಮೂರನೆಯದು ಹೊಸದು. ಅದರಲ್ಲಿ ಊರಿನ ಹೆಸರು ಹಿನ್ನೀರಿನಿಂದ ಎಷ್ಟೋ ದೂರದಲ್ಲಿ, ರಸ್ತೆಯ ಪಕ್ಕದಲ್ಲಿದೆ. ಯಾವುದನ್ನು ನಂಬಲಿ? ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜಿಯನ್ನು ಆ ಜಾಗದ ಹತ್ತಿರಕ್ಕಾದರೂ ಕರೆದೊಯ್ಯುವ ಆಸೆಯಿದೆ. ಈ ನಕ್ಷೆಗಳಿಂದ ಹಳೆಯ ಜಮೀನಿನ ವಿವರವೂ ತಿಳಿಯುತ್ತದೆಯೇ?
ಕೊಪ್ಪಳ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು ಭೂಗೋಳ ಪಾಠ ಹೇಳುತ್ತ ಮೂವತ್ತು ವರ್ಷ ಕಳೆದವನು. ಮುಳುಗಡೆ ಊರುಗಳ ಮಕ್ಕಳು, ಮೊಮ್ಮಕ್ಕಳು ಆಗಾಗ ಇಂಥದೇ ಪ್ರಶ್ನೆ ಹಿಡಿದು ಬರುತ್ತಾರೆ. ತುಂಗಭದ್ರಾ ಜಲಾಶಯದಲ್ಲಿ ಮುಳುಗಿದ್ದು 90 ಊರುಗಳು. ನೆಲೆ ಕಳೆದುಕೊಂಡವರು 54 ಸಾವಿರಕ್ಕೂ ಹೆಚ್ಚು ಜನ. ಆ ಊರುಗಳನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದವರು ಕಡಿಮೆ. ಆದ್ದರಿಂದ ಈ ಕೆಲಸವನ್ನು ಮುಂದಿನ ವರ್ಷಕ್ಕೆ ತಳ್ಳಬೇಡಿ.

ನಿಮ್ಮ ಮೂರು ನಕ್ಷೆಗಳಲ್ಲಿ ಯಾವುದೂ ಸುಳ್ಳು ಹೇಳುತ್ತಿಲ್ಲ. ಎಲ್ಲರೂ ಎಡವುವುದು ಎರಡನೆಯದರಲ್ಲಿ, ಅದನ್ನೇ ಮೊದಲು ಬಿಡಿಸೋಣ. ದೇಶದ ನಕ್ಷೆ ತಯಾರಿಸುವ ಸರ್ಕಾರಿ ಸಂಸ್ಥೆಯಾದ ಸರ್ವೆ ಆಫ್ ಇಂಡಿಯಾದ ಪ್ರತಿ ಹಾಳೆಯಲ್ಲೂ ಎರಡು ಕಾಲಗಳಿರುತ್ತವೆ. ಸರ್ವೆಯವರು ನೆಲದ ಮೇಲೆ ನಡೆದಾಡಿ ಅಳೆದ ಕಾಲ ಒಂದು, ಹಾಳೆ ಅಚ್ಚಾದ ಕಾಲ ಇನ್ನೊಂದು. ಆಗ ಅಳೆಯುವುದೆಂದರೆ ಮೂರು ಕಾಲಿನ ಮೇಲೆ ಒಂದು ಹಲಗೆಯನ್ನು ಮಟ್ಟಸವಾಗಿ ಕೂರಿಸಿ, ಅದರ ಮೇಲೆ ಕಾಗದ ಬಿಗಿದು, ಗುಡ್ಡದ ನೆತ್ತಿ, ಗುಡಿಯ ಶಿಖರಗಳಿಗೆ ಗುರಿ ಹಿಡಿದು, ನಿಂತ ಜಾಗದಲ್ಲೇ ಗೆರೆ ಎಳೆಯುವ ಕೆಲಸ. ಹೀಗೆ ಸಿದ್ಧವಾದ ನಕ್ಷೆಯನ್ನು ಹಲವು ವರ್ಷಗಳ ನಂತರವೂ ಇದ್ದಂತೆಯೇ ಮರುಮುದ್ರಿಸುತ್ತಿದ್ದರು. ಬೇರೆ ದೇಶದವರು ಅದನ್ನೇ ನೋಡಿ ತಮ್ಮ ನಕ್ಷೆ ಮಾಡಿಕೊಳ್ಳುವುದೂ ಇತ್ತು. ಅಮೆರಿಕದ ಸೇನೆ 1950ರ ದಶಕದಲ್ಲಿ ಭಾರತದ ಉದ್ದಗಲಕ್ಕೂ ಎರಡೂವರೆ ಲಕ್ಷಕ್ಕೆ ಒಂದರ ಪ್ರಮಾಣದ ನಕ್ಷೆಗಳನ್ನು ಹೊರತಂದಿತು. ಅದರ ಮೂಲಸಾಮಗ್ರಿ ಬಹುಪಾಲು ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳೇ. ಆದ್ದರಿಂದ ಮುದ್ರಣದ ವರ್ಷ ನೋಡಿ ತೀರ್ಮಾನಕ್ಕೆ ಬರಬೇಡಿ. ಹಾಳೆಯ ಕೆಳ ಅಂಚನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ. ಯಾವ ವರ್ಷಗಳಲ್ಲಿ ಸರ್ವೆ ನಡೆಯಿತು, ಆಮೇಲೆ ಏನನ್ನು ತಿದ್ದಿದರು ಎಂಬುದು ಅಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಫೋಟೊ ತೆಗೆಯುವವರು ಬಹಳ ಸಲ ಈ ಅಂಚನ್ನೇ ಕತ್ತರಿಸಿಬಿಡುತ್ತಾರೆ. ಅಂಚಿಲ್ಲದ ನಕ್ಷೆ ತಾರೀಖಿಲ್ಲದ ಪತ್ರದಂತೆ.

ನಮ್ಮ ಜಲಾಶಯಕ್ಕೆ ಬೇಕಾದ ಕಾಲದ ಗೆರೆಗಳು ಸ್ಪಷ್ಟವಾಗಿವೆ. ಶಂಕುಸ್ಥಾಪನೆ ನಡೆದದ್ದು 1945ರ ಫೆಬ್ರವರಿಯಲ್ಲಿ, ಕಾಲುವೆಗೆ ನೀರು ಹರಿದದ್ದು 1953ರಲ್ಲಿ. 1945ಕ್ಕಿಂತ ಮೊದಲು ಅಳೆದ ಯಾವ ಹಾಳೆಯಲ್ಲೂ, ಅದು ಎಂದು ಅಚ್ಚಾಗಿದ್ದರೂ, ನಿಮ್ಮ ಅಜ್ಜಿಯ ಊರು ತನ್ನ ಜಾಗದಲ್ಲೇ ಇರುತ್ತದೆ. ನಿಮ್ಮ ಎರಡನೆಯ ನಕ್ಷೆ ಬಹುತೇಕ ಅಂಥದ್ದು.

ಮೂರನೆಯ ನಕ್ಷೆಯ ವಿಷಯ ಬೇರೆ. ಊರು ಬಿಟ್ಟವರು ಹೋದ ಜಾಗಕ್ಕೆ ಹಳೆಯ ಹೆಸರನ್ನೂ ಹೊತ್ತುಕೊಂಡು ಹೋದರು. ಕೆಲವರು ಮೊದಲೇ ಇದ್ದ ಊರನ್ನು ಸೇರಿಕೊಂಡರು. ನದಿಯ ಆಚೆ, ಈಗಿನ ವಿಜಯನಗರ ಜಿಲ್ಲೆಯಲ್ಲಿ, ನಾರಾಯಣದೇವರಕೆರೆ ಮುಳುಗಿದಾಗ ಅಲ್ಲಿಯವರು ನೆಲೆಯೂರಿದ್ದು ಮರಿಯಮ್ಮನಹಳ್ಳಿಯಲ್ಲಿ. ಹೀಗೆ ಹೆಸರು ಒಂದೆಡೆ, ನೆಲ ಇನ್ನೊಂದೆಡೆ ಆಗಿದೆ. ಮೊಬೈಲಿನಲ್ಲಿ ಊರಿನ ಹೆಸರು ಹುಡುಕಿದರೆ ಸಿಗುವುದು ಹೊಸ ನೆಲೆ. ಹಳೆಯದು ಬೇಕಾದರೆ ಹೆಸರನ್ನು ಬಿಟ್ಟು ಜಾಗವನ್ನು ಹಿಡಿಯಬೇಕು.

ಜಾಗ ಹಿಡಿಯಲು ಮೊದಲು ಹಾಳೆಯ ಸಂಖ್ಯೆ ತಿಳಿದಿರಬೇಕು. ದೇಶವನ್ನು ನಾಲ್ಕು ಡಿಗ್ರಿಯ ಚೌಕಗಳಾಗಿ ಕತ್ತರಿಸಿ ಒಂದೊಂದಕ್ಕೂ ಸಂಖ್ಯೆ ಕೊಟ್ಟಿದ್ದಾರೆ. 57ನೆಯ ಚೌಕ 12ರಿಂದ 16 ಡಿಗ್ರಿ ಉತ್ತರ ಅಕ್ಷಾಂಶ, 76ರಿಂದ 80 ಡಿಗ್ರಿ ಪೂರ್ವ ರೇಖಾಂಶದವರೆಗಿನದು. ಅದರೊಳಗೆ ಒಂದೊಂದು ಡಿಗ್ರಿಯ ಹದಿನಾರು ತುಂಡುಗಳು, ಅವಕ್ಕೆ ಎ, ಬಿ, ಸಿ ಎಂದು ಅಕ್ಷರಗಳು. ವಾಯವ್ಯ ಮೂಲೆಯ 57ಎ ನಮ್ಮದು. ಅದನ್ನೂ ಹದಿನೈದು ನಿಮಿಷಗಳ (ಒಂದು ಡಿಗ್ರಿಗೆ ಅರವತ್ತು ನಿಮಿಷ) ಹದಿನಾರು ಹಾಳೆಗಳಾಗಿ ಹಂಚಿ, ಮೇಲಿನಿಂದ ಕೆಳಕ್ಕೆ ಎಣಿಸುತ್ತಾರೆ. ಕೊಪ್ಪಳ ಪಟ್ಟಣ 57ಎ/3ರಲ್ಲಿ ಬರುತ್ತದೆ. ಹೊಸಪೇಟೆ, ಅಣೆಕಟ್ಟು, ಹಂಪಿ 57ಎ/7ರಲ್ಲಿವೆ. ಹಗರಿಬೊಮ್ಮನಹಳ್ಳಿ 57ಎ/4ರಲ್ಲಿ, ಮರಿಯಮ್ಮನಹಳ್ಳಿ 57ಎ/8ರಲ್ಲಿ. ಜಲಾಶಯದ ಬಹುಪಾಲು ಈ ನಾಲ್ಕು ಹಾಳೆಗಳಲ್ಲೇ ಹರಡಿದೆ. ಪಶ್ಚಿಮಕ್ಕೆ ಮುಂಡರಗಿ, ಹೂವಿನಹಡಗಲಿ ಕಡೆಗೆ ಸರಿದರೆ 48ಎಂ/16 ಬೇಕು. ನಾಲ್ಕು ಹಾಳೆಗಳು ಸೇರುವ ಮೂಲೆ ಜಲಾಶಯದ ಸೀಮೆಯಲ್ಲೇ ಬೀಳುವುದರಿಂದ, ಒಂದೇ ಹಾಳೆ ಇಟ್ಟುಕೊಂಡು ಹುಡುಕಿದವರಿಗೆ ಊರು ಸಿಗದೆ ಹೋಗುವುದುಂಟು. ಹುಡುಕುವ ಊರು ಪಕ್ಕದ ಹಾಳೆಯಲ್ಲಿರುತ್ತದೆ. ಒಂದು ಹಾಳೆ ಸುಮಾರು ಇಪ್ಪತ್ತೇಳು ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ನೆಲವನ್ನು ಹಿಡಿಯುತ್ತದೆ. ಜಲಾಶಯ ತುಂಬಿದಾಗ ನೀರು ಹರಡುವುದು 378 ಚದರ ಕಿಲೋಮೀಟರ್, ಅಂದರೆ ಹೆಚ್ಚು ಕಡಿಮೆ ಅರ್ಧ ಹಾಳೆಯಷ್ಟು ನೆಲ ನೀಲಿಯಾಯಿತು.

ನಿಮಗೆ ಬೇಕಾದದ್ದು ಮೈಲಿಗೆ ಒಂದು ಇಂಚಿನ ಬಣ್ಣದ ಹಾಳೆ. 1905ರ ನಂತರ ಸರ್ವೆ ಆಫ್ ಇಂಡಿಯಾ ದೇಶವನ್ನು ಹೊಸದಾಗಿ ಅಳೆಯಲು ಹೊರಟಾಗ ರೂಪುಗೊಂಡ ಸರಣಿ ಅದು. ನಿಮ್ಮ ಮೊದಲ ಪ್ರತಿ ಅದರದೇ ಇರಬೇಕು. ಅದಕ್ಕಿಂತ ಹಳೆಯವೂ ಇವೆ. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಈ ದತ್ತ ಮಂಡಲದ ಸರ್ವೆಯ ಹೊಣೆ ಕಂಪನಿಯ ಸೇನಾ ಎಂಜಿನಿಯರ್ ಕಾಲಿನ್ ಮೆಕೆಂಜಿಗೆ ಬಂತು. ಹಂಪಿಯ ಮೊದಲ ಸರ್ವೆ ನಕ್ಷೆ ಮಾಡಿಸಿದವನೂ ಅವನೇ. ಇತಿಹಾಸ ಓದುವವರಿಗೆ ಆ ನಕ್ಷೆಗಳು ಹಬ್ಬ. ಒಂದು ಊರಿನ ಜಾಗ ಗುರುತಿಸಲು ಮಾತ್ರ ಅವುಗಳಿಂದ ಶುರು ಮಾಡಬೇಡಿ. ಕಾರಣವನ್ನು ನನ್ನದೇ ತಪ್ಪಿನಿಂದ ಹೇಳುತ್ತೇನೆ.

ಹಲವು ವರ್ಷಗಳ ಹಿಂದೆ ಒಂದು ಕುಟುಂಬಕ್ಕಾಗಿ ಹತ್ತೊಂಬತ್ತನೆಯ ಶತಮಾನದ ಒಂದು ನಕ್ಷೆಯಿಂದ ಅಕ್ಷಾಂಶ ರೇಖಾಂಶ ಓದಿ, ಈಗಿನ ನಕ್ಷೆಯ ಮೇಲೆ ಅವರ ಊರನ್ನು ಗುರುತು ಮಾಡಿಕೊಟ್ಟಿದ್ದೆ. ಆ ಮನೆಯ ಹಿರಿಯರು ಇಂಗ್ಲಿಷ್ ಓದಲಾರರು. ಹಿನ್ನೀರಿನ ದಂಡೆಯಲ್ಲಿ ನಿಂತು ನಾನು ತೋರಿಸಿದ ದಿಕ್ಕನ್ನು ನೋಡಿದರು, ಎದುರಿನ ಗುಡ್ಡವನ್ನು ನೋಡಿದರು, ತಲೆಯಾಡಿಸಿದರು. “ಸಂಕ್ರಾಂತಿ ದಿನ ನಮ್ಮೂರ ಅಗಸೆ ಬಾಗಿಲಲ್ಲಿ ನಿಂತರೆ ಹೊತ್ತು ಆ ಗುಡ್ಡದ ಬಲಕ್ಕೆ ಮುಳುಗುತ್ತಿತ್ತು. ನೀವು ಹೇಳುವ ಜಾಗದಲ್ಲಿ ನಿಂತರೆ ಎಡಕ್ಕೆ ಮುಳುಗುತ್ತದೆ” ಎಂದರು. ಮನೆಗೆ ಬಂದು ಲೆಕ್ಕ ಹಾಕಿದೆ. ಅವರೇ ಸರಿ. ಹಳೆಯ ನಕ್ಷೆಗಳ ರೇಖಾಂಶವೆಲ್ಲ ಮದರಾಸಿನ ವೀಕ್ಷಣಾಲಯದ ರೇಖಾಂಶವನ್ನು ಆಧರಿಸಿತ್ತು. ಆ ಮೂಲ ಬೆಲೆಯಲ್ಲೇ ಸುಮಾರು ಎರಡೂವರೆ ನಿಮಿಷದ ವ್ಯತ್ಯಾಸವಿತ್ತು, 1905ರ ನಂತರವೇ ಅದನ್ನು ತಿದ್ದಿಕೊಂಡದ್ದು. ನಮ್ಮ ಅಕ್ಷಾಂಶದಲ್ಲಿ ಎರಡೂವರೆ ನಿಮಿಷವೆಂದರೆ ನಾಲ್ಕು ಕಿಲೋಮೀಟರಿಗೂ ಹೆಚ್ಚು. ನಾನು ಊರನ್ನು ಅಷ್ಟು ದೂರ ಪೂರ್ವಕ್ಕೆ ಎಳೆದು ಕೂರಿಸಿದ್ದೆ. ಅಂದಿನಿಂದ ಯಾವ ನಕ್ಷೆ ಬಿಚ್ಚಿದರೂ ಊರಿನ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಬಿಚ್ಚುತ್ತೇನೆ.

ಈಗ ಒಂದು ಇಂಚಿನ ಹಾಳೆಯನ್ನು ಹೇಗೆ ನೋಡಬೇಕೆಂದು ಹೇಳುತ್ತೇನೆ. ಇನ್ನೂರು ಮೀಟರ್ ಉದ್ದದ ಊರು ಅದರಲ್ಲಿ ಮೂರು ಮಿಲಿಮೀಟರ್. ನಿಮ್ಮ ಅಜ್ಜಿ ಆಡಿ ಬೆಳೆದ ಓಣಿ, ಗುಡಿ, ಕಟ್ಟೆ, ಹಗೇವು ಎಲ್ಲ ಸೇರಿ ಒಂದು ಜೋಳದ ಕಾಳಿನ ಗಾತ್ರ. ಆ ಕೆಂಪು ಚುಕ್ಕೆಯನ್ನೇ ದಿಟ್ಟಿಸಿ ಕೂತರೆ ಹೆಚ್ಚೇನೂ ದಕ್ಕುವುದಿಲ್ಲ. ಚುಕ್ಕೆಯ ಸುತ್ತ ನೋಡಿ. ನೀಲಿಯ ಪುಟ್ಟ ಸೊನ್ನೆ ಬಾವಿ. ಊರಿನ ಮೇಲುಗಡೆ ಬಿಲ್ಲಿನಂತೆ ಬಾಗಿದ ಗೆರೆ ಕೆರೆಯ ಏರಿ. ಅದರ ಪಕ್ಕದಲ್ಲಿ ಒಂದು ಅಂಕಿ, ಅಂಕಿಯ ಜೊತೆಗೆ ಆರ್ ಎಂಬ ಇಂಗ್ಲಿಷ್ ಅಕ್ಷರ ಇದ್ದರೆ, ಪಕ್ಕದ ನೆಲದಿಂದ ಏರಿ ಅಷ್ಟು ಎತ್ತರ ಎಂದು ಅರ್ಥ. ಊರಿನಿಂದ ಹೊಳೆಗೆ ಇಳಿಯುವ ತುಂಡು ಗೆರೆ ಬಂಡಿ ದಾರಿ ಅಥವಾ ಕಾಲುದಾರಿ. ಅದು ಹೊಳೆಯನ್ನು ಮುಟ್ಟುವಲ್ಲಿ ಹರಿಗೋಲಿನ ಕಡವಿದ್ದರೆ ಅದನ್ನೂ ಬರೆದಿರುತ್ತಾರೆ. ನದಿಯ ನಡುವಿನ ಗಡ್ಡೆಗಳು, ಬೇಸಿಗೆಯ ಮರಳು, ಕೊಪ್ಪಳ ಕಡೆಯಿಂದ ಬಂದು ಹೊಳೆ ಸೇರುವ ಹಳ್ಳಗಳು ಇವೆಲ್ಲ ಅದರಲ್ಲಿ ಸಿಗುತ್ತವೆ. ಅಜ್ಜಿಗೆ “ಇದು ನಿಮ್ಮ ಊರು” ಎಂದು ತೋರಿಸಬೇಡಿ. ಕೆರೆ ಯಾವ ದಿಕ್ಕಿಗಿತ್ತು, ಹಳ್ಳ ದಾಟಿ ಹೋಗುತ್ತಿದ್ದರೇ ದಾಟದೆಯೇ, ಹೊಳೆಗೆ ನೀರಿಗೆ ಹೋಗುವಾಗ ಬೆಳಗಿನ ಬಿಸಿಲು ಮುಖಕ್ಕೆ ಬೀಳುತ್ತಿತ್ತೋ ಬೆನ್ನಿಗೋ, ಹುಲಿಗೆಮ್ಮನ ಜಾತ್ರೆಗೆ ಬಂಡಿ ಕಟ್ಟಿದರೆ ಎಷ್ಟು ಹೊತ್ತಿನ ದಾರಿ, ನಡುವೆ ಯಾವ ಊರು ಬರುತ್ತಿತ್ತು ಎಂದು ಕೇಳಿ. ಅವರು ಹೇಳಿದ್ದನ್ನು ಬರೆದಿಟ್ಟುಕೊಂಡು ಆಮೇಲೆ ನಕ್ಷೆಯೊಂದಿಗೆ ತಾಳೆ ನೋಡಿ. ಹನ್ನೆರಡು ವರ್ಷದ ಹುಡುಗಿಗೆ ದೂರದ ಅಂದಾಜು ತಪ್ಪಬಹುದು. ಬಿಸಿಲು ಬೀಳುತ್ತಿದ್ದ ದಿಕ್ಕು ಮರೆಯುವುದಿಲ್ಲ.

ಹೆಸರಿನ ಕಾಗುಣಿತಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹಳೆಯ ಇಂಗ್ಲಿಷ್ ಬರಹದಲ್ಲಿ ಕೊಪ್ಪಳವೇ ‘ಕೋಪ್‌ಬಲ್’ ಆಗಿದೆ. ಳಕಾರ ಲಕಾರ, ಣಕಾರ ನಕಾರಗಳ ಭೇದ ಆ ಲಿಪಿಯಲ್ಲಿ ಉಳಿಯುವುದಿಲ್ಲ. ಗಟ್ಟಿಯಾಗಿ ಓದಿ ಕಿವಿಯಿಂದ ಗುರುತು ಹಿಡಿಯಿರಿ.

ಇನ್ನು ನಿಮಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬರುವ ಸಂಗತಿ, ಕಂದು ಬಣ್ಣದ ಸಮೋನ್ನತಿ ರೇಖೆಗಳು. ಒಂದೇ ಎತ್ತರದ ಜಾಗಗಳನ್ನು ಪೋಣಿಸುತ್ತ ಹೋಗುವ ಗೆರೆಗಳಿವು. ಹಳೆಯ ಹಾಳೆಗಳಲ್ಲಿ ಸಾಮಾನ್ಯವಾಗಿ ಐವತ್ತು ಅಡಿಗೆ ಒಂದು: 1550, 1600, 1650. ಜಲಾಶಯದ ಪೂರ್ಣ ಮಟ್ಟ 1633 ಅಡಿ. ಅಂದರೆ ತುಂಬಿದ ನೀರಿನ ಅಂಚು 1600ರ ಗೆರೆಗೂ 1650ರ ಗೆರೆಗೂ ನಡುವೆ, ಮೂರರಲ್ಲಿ ಎರಡು ಪಾಲು ಮೇಲಕ್ಕೆ ಬರುತ್ತದೆ. ಮೆದುವಾದ ಪೆನ್ಸಿಲಿನಿಂದ ಆ ಅಂಚನ್ನು ನಿಮ್ಮ ಪ್ರತಿಯ ಮೇಲೆ ಎಳೆದುಕೊಂಡು ಹೋಗಿ. ಈಗಿನ ಜಲಾಶಯದ ಆಕಾರ ಹಳೆಯ ಹಾಳೆಯ ಮೇಲೆ ತಾನಾಗಿ ಮೂಡುತ್ತದೆ. ಹಳ್ಳಗಳ ಗುಂಟ ನೀರು ನಾಲಗೆ ಚಾಚಿದ್ದು, ಮಸಾರಿ ದಿಬ್ಬಗಳು ನಡುಗಡ್ಡೆಯಾಗಿ ಉಳಿದದ್ದು, ಎರೆಹೊಲಗಳು ಮೊದಲೇ ಮುಳುಗಿದ್ದು ಎಲ್ಲ ಕಣ್ಣಿಗೆ ಕಟ್ಟುತ್ತದೆ. ಹೊಸ ನಕ್ಷೆಯಲ್ಲಿ ಈ ಕೆಲಸ ಸಾಧ್ಯವಿಲ್ಲ, ಏಕೆಂದರೆ ಅದರಲ್ಲಿ ನೀಲಿಯ ಒಳಗಿನ ನೆಲದ ಏರಿಳಿತವನ್ನು ಬರೆದಿಲ್ಲ. ಮುಳುಗಿದ ಕಣಿವೆಯ ಏರಿಳಿತ ಉಳಿದಿರುವುದು ಆ ಹಳೆಯ ಹಾಳೆಗಳಲ್ಲೇ.

ಮುಂದಿನ ಹೆಜ್ಜೆ ಇನ್ನೂ ಸುಲಭ. ನಿಮ್ಮ ಊರು ಯಾವ ಎರಡು ಗೆರೆಗಳ ನಡುವೆ ಇದೆ ನೋಡಿ. 1600ರ ಗೆರೆಗೆ ತಾಗಿಕೊಂಡಿದೆ ಎಂದಿಟ್ಟುಕೊಳ್ಳೋಣ. ನಮ್ಮ ಭಾಗದ ದಿನಪತ್ರಿಕೆಗಳಲ್ಲಿ ತುಂಗಭದ್ರಾ ಜಲಾಶಯದ ಮಟ್ಟವನ್ನು ಅಡಿಗಳಲ್ಲಿ ಪ್ರಕಟಿಸುತ್ತಾರೆ. ಮಟ್ಟ 1600 ಅಡಿಗಿಂತ ಕೆಳಗೆ ಇಳಿಯಿತೆಂದರೆ ನಿಮ್ಮ ಊರಿನ ನೆಲ ಗಾಳಿಗೆ ಬಂತೆಂದು ಅರ್ಥ. ರೈತರು ಎರಡನೆಯ ಬೆಳೆಗೆ ನೀರು ಸಿಕ್ಕೀತೇ ಎಂದು ನೋಡುವ ಆ ಅಂಕಿಯನ್ನು ನೀವು ಅಜ್ಜಿಯ ಊರಿಗಾಗಿ ನೋಡುತ್ತಿರಿ. ಊರು 1550ರ ಗೆರೆಯ ಆಸುಪಾಸಿನಲ್ಲಿ, ಹೊಳೆಗೆ ತೀರ ಹತ್ತಿರವಿದ್ದರೆ, ಕಾಣುವ ಭರವಸೆಯನ್ನು ಅಜ್ಜಿಗೆ ಕೊಡಬೇಡಿ.

ಇಲ್ಲಿ ಹೂಳಿನ ಮಾತು ಬರುತ್ತದೆ. ಕಟ್ಟಿದಾಗ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಈಗ ಲೆಕ್ಕಕ್ಕೆ ಹಿಡಿಯುವುದು 105.788. ಆ ವ್ಯತ್ಯಾಸವೆಲ್ಲ ಮಣ್ಣಾಗಿ ಕಣಿವೆಯಲ್ಲಿ ಕೂತಿದೆ. ಅದು ಎಲ್ಲ ಕಡೆ ಒಂದೇ ಸಮನಾಗಿ ಕೂರುವುದಿಲ್ಲ. ಹಳೆಯ ನಕ್ಷೆಯಲ್ಲಿ 1600 ಅಡಿ ಎಂದಿದ್ದ ನೆಲದ ಮೇಲೆ ಇಂದು ಕೆಲವು ಅಡಿ ಹೂಳು ಇರಬಹುದು, ಕಲ್ಲಿನ ಗುಡಿಯ ಮೇಲ್ಭಾಗ ಮಾತ್ರ ಹೊರಗೆ ಕಾಣಬಹುದು. ಮಣ್ಣಿನ ಮೇಲ್ಮುದ್ದೆಯ ಮನೆಗಳು ಎಂದೋ ಕರಗಿರುತ್ತವೆ. ಕಲ್ಲಿನ ಕಟ್ಟಡ, ಕೆರೆಯ ಏರಿ, ಬಾವಿಯ ಕಟ್ಟೆ ಇವೇ ನಿಮ್ಮ ಗುರುತುಗಳು.

ಹೂಳು ಇಷ್ಟೊಂದು ತುಂಬುವ ಮೊದಲಿನ ಚಿತ್ರ ಬೇಕೆಂದರೆ ಒಂದು ದಾರಿಯಿದೆ. ಅಮೆರಿಕದ ಕರೋನಾ ಎಂಬ ಗೂಢಚಾರ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಕಪ್ಪು ಬಿಳುಪು ಚಿತ್ರಗಳನ್ನು 1995ರಲ್ಲಿ ಬಹಿರಂಗ ಮಾಡಿದರು. ಅಮೆರಿಕದ ಭೂವಿಜ್ಞಾನ ಸರ್ವೆ ಸಂಸ್ಥೆಯ ಜಾಲತಾಣದಲ್ಲಿ ಜಾಗ ಗುರುತಿಸಿ ಹುಡುಕಬಹುದು. ನಮ್ಮ ಭಾಗದ, ಬೇಸಿಗೆಯ ತಿಂಗಳ ಚಿತ್ರವೇನಾದರೂ ಸಿಕ್ಕರೆ, ಊರು ಖಾಲಿಯಾಗಿ ಹತ್ತು ಹದಿನೈದು ವರ್ಷಗಳಷ್ಟೇ ಕಳೆದ ನೆಲವನ್ನು ಮೇಲಿನಿಂದ ನೋಡಿದಂತಾಗುತ್ತದೆ. ಇತ್ತೀಚಿನ ಬೇಸಿಗೆಗಳಿಗೆ ಯುರೋಪಿನ ಸೆಂಟಿನೆಲ್ ಉಪಗ್ರಹದ ಚಿತ್ರಗಳು ಉಚಿತವಾಗಿ ಸಿಗುತ್ತವೆ. ನೀರು ತೀರ ಇಳಿದ ವರ್ಷದ ಏಪ್ರಿಲ್, ಮೇ ತಿಂಗಳ ಚಿತ್ರ ಆರಿಸಿಕೊಳ್ಳಿ.

ಹಳೆಯ ಹಾಳೆಯನ್ನು ಉಪಗ್ರಹ ಚಿತ್ರದ ಮೇಲೆ ಹೊಂದಿಸಿ ಕೂರಿಸಲು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಸಾಕು. ಕಂಪ್ಯೂಟರ್ ಬಲ್ಲ ಕಾಲೇಜು ಹುಡುಗರು ಒಂದು ಸಂಜೆಯಲ್ಲಿ ಕಲಿಯುತ್ತಾರೆ. ಅವರಿಗೆ ಎರಡು ಮಾತು ಹೇಳಿ. ಮೊದಲನೆಯದು, ಹೊಂದಿಸಲು ರಸ್ತೆಗಳನ್ನು ಹಿಡಿಯಬೇಡಿ, ಮುಳುಗಡೆಯ ಹೊತ್ತಿಗೆ ಅವುಗಳ ದಾರಿ ಬದಲಾಗಿದೆ. ಬಂಡೆಗುಡ್ಡಗಳ ನೆತ್ತಿ ಹಿಡಿಯಿರಿ. ಹಳೆಯ ನಕ್ಷೆಯಲ್ಲಿ ತ್ರಿಕೋನದ ಗುರುತು, ಪಕ್ಕದಲ್ಲಿ ಎತ್ತರದ ಅಂಕಿ ಇರುವ ನೆತ್ತಿಗಳು ಅತ್ಯುತ್ತಮ. ಕೊಪ್ಪಳದ ಕೋಟೆಯ ಗುಡ್ಡ, ಹಂಪಿಯ ಮಾತಂಗ ಪರ್ವತ ಇವು ಇನ್ನೂರು ವರ್ಷಗಳಲ್ಲಿ ಒಂದು ಅಂಗುಲವೂ ಅಲುಗಿಲ್ಲ. ಎರಡನೆಯದು, ಹಾಳೆಯ ಮೂಲೆಯ ಅಕ್ಷಾಂಶ ರೇಖಾಂಶಗಳನ್ನು ಹಾಗೇ ಮೊಬೈಲಿಗೆ ಕೊಡಬೇಡಿ. ಹಳೆಯ ನಕ್ಷೆಗಳು ಭೂಮಿಯ ಆಕಾರಕ್ಕೆ ಎವರೆಸ್ಟ್ ಎಂಬವನ ಲೆಕ್ಕವನ್ನು ಬಳಸಿವೆ. ಜಿಪಿಎಸ್‌ನದು ಡಬ್ಲ್ಯುಜಿಎಸ್ 84 ಎಂಬ ಬೇರೆ ಲೆಕ್ಕ. ನಮ್ಮ ಭಾಗದಲ್ಲಿ ಎರಡರ ನಡುವೆ ನೂರು ಮೀಟರಿಗೂ ಹೆಚ್ಚಿನ ಅಂತರ ಬೀಳುತ್ತದೆ. ನೂರು ಮೀಟರ್ ಎಂದರೆ ಊರಿನ ಈ ತುದಿಯಿಂದ ನಡುಓಣಿಯವರೆಗೆ, ಸಣ್ಣ ಅಂತರವಲ್ಲ.

ಹೊಸ ನಕ್ಷೆ ನಿಷ್ಪ್ರಯೋಜಕ ಎಂದುಕೊಳ್ಳಬೇಡಿ. ಅದರಲ್ಲಿ ನನ್ನನ್ನು ಪ್ರತಿ ಸಲವೂ ಹಿಡಿದು ನಿಲ್ಲಿಸುವ ಒಂದು ಗುರುತಿದೆ. ಜಲಾಶಯದ ನೀಲಿಯ ನಡುವೆ ಜಿಲ್ಲೆಯ ಗಡಿಯ ಚುಕ್ಕೆಗೆರೆ ಹೋಗುತ್ತದೆ. ವಿಶಾಲವಾದ ನೀರಿನ ಮೇಲೆ ಅದು ನೇರವಾಗಿ ಹೋಗುವುದಿಲ್ಲ. ಒಂದು ಕಡೆ ತೆಂಕಣಕ್ಕೆ ಬಾಗಿ, ಇನ್ನೊಂದು ಕಡೆ ಬಡಗಣಕ್ಕೆ ತಿರುಗಿ, ಹಾವಿನಂತೆ ಸಾಗುತ್ತದೆ. ಅದು ಹಳೆಯ ಹೊಳೆ. ತುಂಗಭದ್ರೆ ಆಗ ಎರಡು ಸರ್ಕಾರಗಳ ಗಡಿ: ಬಡಗಣ ದಂಡೆ ಹೈದರಾಬಾದ್ ನಿಜಾಮರದು, ತೆಂಕಣ ದಂಡೆ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು, 1956ರಲ್ಲಿ ಕೊಪ್ಪಳ ಒಳಗೊಂಡ ರಾಯಚೂರು ಜಿಲ್ಲೆ ಸೇರಿತು, 1997ರಲ್ಲಿ ಕೊಪ್ಪಳ, 2021ರಲ್ಲಿ ವಿಜಯನಗರ ಜಿಲ್ಲೆಗಳಾದವು. ಹೊಳೆ ಮುಳುಗಿದರೂ ಗಡಿ ಹೊಳೆಯ ಜಾಡನ್ನು ಬಿಡಲಿಲ್ಲ. ನೀರಿನ ಮೇಲೆ ಬರೆದ ಗೆರೆ ಉಳಿಯುವುದಿಲ್ಲ ಎನ್ನುತ್ತೇವೆ, ಇಲ್ಲಿ ಎಪ್ಪತ್ತು ವರ್ಷಗಳಿಂದ ಉಳಿದಿದೆ. ನಿಮ್ಮ ಊರು ಕೊಪ್ಪಳ ಕಡೆಯದಾದ್ದರಿಂದ ಆ ಗೆರೆಯ ಬಡಗಣಕ್ಕೇ ಹುಡುಕಿ. ಹಳೆಯ ಹಾಳೆಯಲ್ಲಿ ಹೊಳೆಯ ಯಾವ ತಿರುವಿನ ಎದುರು ಊರಿದೆಯೋ, ಹೊಸ ಹಾಳೆಯಲ್ಲಿ ಗಡಿಗೆರೆಯ ಅದೇ ತಿರುವಿನ ಎದುರು ಅದರ ಜಾಗ. ಕಂಪ್ಯೂಟರ್ ಇಲ್ಲದವರೂ ಈ ಒಂದು ಉಪಾಯದಿಂದ ಊರಿನ ಹತ್ತಿರ ಹೋಗಬಹುದು.

ತೆಂಕಣ ದಂಡೆಯವರಿಗೆ ಇನ್ನೊಂದು ಗುರುತು: ವಿಜಯನಗರ ಕಾಲದ ರಾಯ, ಬಸವಣ್ಣ ಕಾಲುವೆಗಳು. ಇವುಗಳ ಮೂಲ ಅಣೆಗಳು ಜಲಾಶಯದಲ್ಲಿ ಮುಳುಗಿವೆ, ಈಗ ಕಾಲುವೆಗಳು ಜಲಾಶಯದಿಂದಲೇ ನೀರು ಪಡೆಯುತ್ತವೆ. ಹಳೆಯ ಹಾಳೆಯಲ್ಲಿ ಕಾಲುವೆಯ ಗೆರೆ ಹಿಡಿದು ಮೇಲಕ್ಕೆ ಹೋದರೆ ಆ ಅಣೆಗಳ ಜಾಗಕ್ಕೆ ತಲುಪುತ್ತೀರಿ.

ಜಮೀನಿನ ಪ್ರಶ್ನೆಗೆ ಬರುತ್ತೇನೆ. ಸರ್ವೆ ಆಫ್ ಇಂಡಿಯಾದ ಹಾಳೆಯಲ್ಲಿ ಸರ್ವೆ ನಂಬರ್ ಇರುವುದಿಲ್ಲ, ಹೊಲದ ಬದು ಇರುವುದಿಲ್ಲ, ಒಡೆಯರ ಹೆಸರು ಇರುವುದಿಲ್ಲ. ಹಕ್ಕಿನ ಪುರಾವೆಯಾಗಿ ಅದನ್ನು ಹಿಡಿದು ಕಚೇರಿಗೆ ಹೋಗಬೇಡಿ. ಅದಕ್ಕೆ ಬೇಕಾದದ್ದು ಕಂದಾಯದ ಗ್ರಾಮ ನಕ್ಷೆ, ಹೊಲದ ಅಳತೆ ಬರೆದ ಟಿಪ್ಪಣಿ, ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯ ಬರೆದ ಆಕಾರಬಂದ್. ಇಲ್ಲಿ ಎರಡು ದಂಡೆಗಳ ದಾರಿ ಬೇರೆಯಾಗುತ್ತದೆ. ಬಳ್ಳಾರಿ ಕಡೆಯ ದಾಖಲೆ ಮದರಾಸು ಪದ್ಧತಿಯದು, ಎಕರೆ ಸೆಂಟ್ಸ್ ಲೆಕ್ಕ. ಕೊಪ್ಪಳ ಕಡೆ ಎಕರೆ ಗುಂಟೆ. ಹೈದರಾಬಾದ್ ಕಾಲದ ಕಾಗದಗಳು ಉರ್ದುವಿನಲ್ಲಿರುತ್ತವೆ, ಸೇತ್ವಾರ್, ಖಾಸರಾ ಪಹಣಿ ಎಂಬ ಹೆಸರುಗಳನ್ನು ಕೇಳಿರಬಹುದು. ಅದರ ಮೇಲೆ, ಕೊಪ್ಪಳ ಸೀಮೆ ಹೈದರಾಬಾದಿನ ದಿವಾನರಾಗಿದ್ದ ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿತ್ತು. ಹಾಗಾಗಿ ಕೆಲವು ಊರುಗಳ ಹಳೆಯ ಕಡತಗಳ ಜಾಡು ಜಹಗೀರಿನ ದಾಖಲೆಗಳತ್ತ ತಿರುಗುತ್ತದೆ. ಮೊದಲು ಕೊಪ್ಪಳದ ಭೂದಾಖಲೆಗಳ ಕಚೇರಿಯಲ್ಲಿ ಊರಿನ ಹೆಸರಿನಲ್ಲಿ ಗ್ರಾಮ ನಕ್ಷೆ ಕೇಳಿ. ಸಿಗದಿದ್ದರೆ ಹೈದರಾಬಾದಿನ ತಾರ್ನಾಕದಲ್ಲಿರುವ ರಾಜ್ಯ ಪತ್ರಾಗಾರ ಇದೆ. ತೆಂಕಣ ದಂಡೆಯವರಾದರೆ ಚೆನ್ನೈನ ಪತ್ರಾಗಾರಕ್ಕೆ ಹೋಗಬೇಕು. ಉರ್ದು ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ದರೆ ಅರ್ಧ ಕೆಲಸ ಆದಂತೆ.

ಗ್ರಾಮಗಳ ಪಟ್ಟಿಯಲ್ಲಿ ಕೆಲವು ಊರುಗಳ ಮುಂದೆ ‘ಬೇಚರಾಕ್’ ಎಂದು ಬರೆದಿರುವುದನ್ನು ಕಾಣುತ್ತೀರಿ. ಜನವಸತಿ ಇಲ್ಲದ ಊರು ಎಂಬ ಅರ್ಥದಲ್ಲಿ ಕಂದಾಯದವರು ಬಳಸುವ ಮಾತು. ಮೂಲದಲ್ಲಿ ಅದು ಬೇ-ಚಿರಾಗ್, ದೀಪವಿಲ್ಲದ್ದು. 1951 ಮತ್ತು 1961ರ ಜನಗಣತಿಯ ಗ್ರಾಮಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಆ ಹತ್ತು ವರ್ಷಗಳಲ್ಲಿ ಯಾವ ಯಾವ ಊರಿನ ದೀಪ ಆರಿತೆಂದು ಸಾಲುಸಾಲಾಗಿ ತಿಳಿಯುತ್ತದೆ. ಊರು ಯಾವ ತಾಲ್ಲೂಕಿನ ಲೆಕ್ಕದಲ್ಲಿತ್ತು ಎಂಬುದಕ್ಕೂ ಆ ಪಟ್ಟಿಯೇ ಆಧಾರ.

ನಕ್ಷೆಗಳನ್ನು ಎಲ್ಲಿಂದ ತರಿಸಬೇಕೆಂದು ಕೇಳಿಲ್ಲವಾದರೂ ಹೇಳಿಬಿಡುತ್ತೇನೆ. ಈಗಿನ ಐವತ್ತು ಸಾವಿರಕ್ಕೆ ಒಂದರ ಹಾಳೆಗಳನ್ನು ಸರ್ವೆ ಆಫ್ ಇಂಡಿಯಾ ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತದೆ. ಹೆಸರು ನೋಂದಾಯಿಸಿ ಇಳಿಸಿಕೊಳ್ಳಬಹುದು. ಹೊಸ ಸರಣಿಯ ಸಂಖ್ಯೆಗಳು ಬೇರೆ, ಹಳೆಯ 57ಎ/3 ಎಂದು ಹುಡುಕಿ ಗಾಬರಿಯಾಗಬೇಡಿ, ಜಾಗ ನೋಡಿ ಆರಿಸಿ. ಅಮೆರಿಕದ ಸೇನೆಯ ಸರಣಿ ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯದ ತಾಣದಲ್ಲಿದೆ. ನಮ್ಮ ಜಲಾಶಯದ ಭಾಗಕ್ಕೆ ಎನ್‌ಡಿ 43-3 ಹಾಳೆ ನೋಡಿ. ಅದರ ಪ್ರಮಾಣ ಚಿಕ್ಕದು, ಊರುಗಳ ಸಾಲು ತಿಳಿಯಲು ಸಾಕು, ಬಾವಿ ಹುಡುಕಲು ಸಾಲದು.

ಹೋಗುವ ದಿನದ ಬಗ್ಗೆ ಸ್ವಲ್ಪ. ಹಿನ್ನೀರು ಇಳಿದ ನೆಲ ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಂಡರೂ ಒಳಗೆ ಮೊಣಕಾಲಿನವರೆಗೆ ಕೆಸರಿರುತ್ತದೆ. ಎಂಬತ್ತಾರರ ಹಿರಿಯರನ್ನು ಅದರ ಮೇಲೆ ನಡೆಸಬೇಡಿ. ಮೊದಲು ನೀವೊಬ್ಬರೇ ಹೋಗಿ, ಆ ಭಾಗದ ಮೀನುಗಾರರನ್ನು ಮಾತನಾಡಿಸಿ. ಬಲೆ ಸಿಕ್ಕಿಕೊಳ್ಳುವ ಜಾಗಗಳು ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ. ಬಲೆ ಕಲ್ಲಿಗೆ ಸಿಕ್ಕಿತೆಂದರೆ ಕೆಳಗೆ ಗುಡಿಯೋ ಕಟ್ಟೆಯೋ ಇರುತ್ತದೆ. ನಿಮ್ಮ ನಕ್ಷೆಯ ಗುರುತೂ ಅವರ ಮಾತೂ ಒಂದೇ ಕಡೆ ಬಂದು ನಿಂತರೆ ಜಾಗ ಸಿಕ್ಕಿತೆಂದು ತಿಳಿಯಿರಿ. ಆಮೇಲೆ ಅಜ್ಜಿಗೆ ಒಂದು ಎತ್ತರದ ದಿಬ್ಬ ಆರಿಸಿ, ಹೊತ್ತು ಮುಳುಗುವ ಮೊದಲೇ ಅಲ್ಲಿಗೆ ತಲುಪಿ. ನಕ್ಷೆಯನ್ನು ಚೀಲದಲ್ಲೇ ಇಟ್ಟುಕೊಂಡು ಅವರೇ ಕೈ ಮಾಡಿ ತೋರಿಸುವವರೆಗೆ ಕಾಯಿರಿ.

ನಿಮ್ಮ ಮೂರು ಪ್ರತಿಗಳ ಕೆಳ ಅಂಚಿನ ಫೋಟೊಗಳನ್ನು, ಕೊನೆಯ ಅಕ್ಷರವೂ ಓದಲು ಬರುವಂತೆ, ನನಗೆ ಕಳುಹಿಸಿ. ಸರ್ವೆಯ ವರ್ಷಗಳನ್ನು ಬಿಡಿಸಿ, 1633 ಅಡಿಯ ಅಂಚನ್ನು ಎಳೆದು ವಾಪಸ್ ಕಳುಹಿಸುತ್ತೇನೆ.